ಕತ್ತರಿ ಅತ್ತೆಯ ಐದನೇ ಭಾಗ

ರೈಲು ನಿಲ್ದಾಣದಲ್ಲಿ ತಾಯಿಯ ಕೈ ತಪ್ಪಿಹೋದ ಆ ಮಗು ಸಿಕ್ಕಿತೋ ಇಲ್ಲವೋ ಎನ್ನುವ ಚಿಂತೆ, ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಸೊಸೆಯನ್ನು ಕಾಡುತ್ತಿತ್ತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು, ನಾರು ಮಾತ್ರ ಈಚೆಗೆ ಬರುತ್ತಿರಲಿಲ್ಲ. ಹಾಲು ಕಾಯಲಿಟ್ಟಾಗ ಅದೇ ಚಿಂತೆ, ಹಾಲು ಉಕ್ಕಿ ಒಲೆ ಆರಿದಾಗಲೂ ಅದೇ ಚಿಂತೆ. ವಾಷಿಂಗ್ ಮೆಷಿನ್ ಕಂಪನಿಯೊಂದಕ್ಕೆ ಬರುವ ದೂರುಗಳಿಗೆ ಮನೆಯಲ್ಲೇ ಕೂತು ಉತ್ತರ ಬರೆಯುವುದು ಅವಳ ಕೆಲಸ. ಮೆಷಿನ್ನಿನಿಂದ ನೀರು ಸೋರುತ್ತಿದೆ ಎಂದು ಬರೆದಿದ್ದ ಗ್ರಾಹಕರೊಬ್ಬರಿಗೆ 'ನಿಮ್ಮ ಮಗು ಸಿಕ್ಕಿದೆಯೆಂದು ಭಾವಿಸುತ್ತೇವೆ' ಎಂದು ಕಳಿಸಿಬಿಟ್ಟಿದ್ದಳು. ಆ ಮನುಷ್ಯ, ಪಾಪ, 'ಮಗು ಮನೆಯಲ್ಲೇ ಇದೆ, ನೀರು ಇನ್ನೂ ಸೋರುತ್ತಿದೆ' ಎಂದು ಉತ್ತರಿಸಿದ್ದ.

ಅವಳ ಸ್ವಂತ ಮಗಳು ಪುಟ್ಟಿ ಮೇಜಿನ ಕೆಳಗೆ ಕೂತು ಬಳಪ ತಿನ್ನುತ್ತಾ ಕ್ಷೇಮವಾಗಿಯೇ ಇದ್ದಳು. ಕಳೆದುಹೋದದ್ದು ಪುಸ್ತಕದೊಳಗಿನ ಮಗು. ಆ ಪುಸ್ತಕವನ್ನು ಸೊಸೆ ಓದಿಯೂ ಇರಲಿಲ್ಲ, ಕೂದಲು ಕತ್ತರಿಸಿಕೊಳ್ಳುತ್ತಾ ಕೇಳಿದ್ದಳು ಅಷ್ಟೆ. ತಪ್ಪೆಲ್ಲ ಕತ್ತರಿ ಅತ್ತೆಯದು.

ಕತ್ತರಿ ಅತ್ತೆ ಅವಳ ಗಂಡನ ಸೋದರತ್ತೆ. ಎರಡು ಬೀದಿ ಆಚೆ, ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವರ ಹೆಂಗಸರ ಪಾರ್ಲರ್. ಅಲ್ಲಿ ಎರಡು ಕುರ್ಚಿ. ಒಂದು ಮೇಲೆ ಹೋಗುತ್ತದೆ, ಕೆಳಗೆ ಬರುವುದಿಲ್ಲ. ಇನ್ನೊಂದು ತಿರುಗುತ್ತದೆ, ನಿಲ್ಲುವುದಿಲ್ಲ. ಕನ್ನಡಿಯ ಮೂಲೆಯಲ್ಲೊಂದು ಬಿರುಕು, ಅದರೊಳಗೆ ಮುಖ ಬಿದ್ದವರಿಗೆ ಒಂದು ಕಿವಿ ಜಾಸ್ತಿ. ಮೆಟ್ಟಿಲು ಇಳಿಜಾರಾದ ಕಡೆ ತಲೆ ತೊಳೆಯುವ ತೊಟ್ಟಿ. ಅಲ್ಲಿ ಬಗ್ಗಿ ಬಗ್ಗಿ ಅಭ್ಯಾಸವಾಗಿ ಅತ್ತೆ ರಸ್ತೆಯ ಮೇಲೂ ಆಗಾಗ ಸುಮ್ಮನೆ ತಲೆ ತಗ್ಗಿಸುತ್ತಿದ್ದರು. ಎದುರಿಗೆ ಬಂದವರು ತಮಗೇ ನಮಸ್ಕಾರ ಮಾಡಿದರೆಂದು ತಿಳಿದು ಮರುನಮಸ್ಕಾರ ಮಾಡಿ ಹೋಗುತ್ತಿದ್ದರು. ಹಾಗಾಗಿ ಬಡಾವಣೆಯಲ್ಲಿ ಅತ್ತೆಗೆ ಬಹಳ ವಿನಯವಂತೆ ಎಂಬ ಹೆಸರಿತ್ತು. ಮನೆಯವರಿಗೆ ನಿಜ ಗೊತ್ತಿತ್ತು.

ಅವರು ಈ ಕೆಲಸಕ್ಕೆ ಬಂದದ್ದು ಹುಡುಗಿಯಾಗಿದ್ದಾಗ, ಬೇರೊಬ್ಬರ ಅಂಗಡಿಯಲ್ಲಿ ಕೂದಲು ಗುಡಿಸಲು. ಕುರ್ಚಿಯಲ್ಲಿ ಮಕ್ಕಳು ಕೂರಲೊಲ್ಲದೆ ಅಂಗಡಿಯೇ ಹಾರಿಹೋಗುವಂತೆ ಅರಚುತ್ತಿದ್ದವು. ಪೊರಕೆ ಹಿಡಿದ ಈ ಹುಡುಗಿ ಒಂದು ಸಲ ಕಥೆ ಶುರು ಮಾಡಿದಳು. ಮಗು ಸುಮ್ಮನಾಯಿತು. ಕಥೆಯಲ್ಲಿ ಬಾಗಿಲು ಕಿರ್ ಅಂದಿತು ಎಂದು ಹೇಳಿ ನಿಲ್ಲಿಸಿದಾಗ ಮಗು ಉಸಿರೂ ಹಿಡಿಯಿತು. ಆ ಉಸಿರು ಹಿಡಿದ ಹೊತ್ತಿನಲ್ಲಿ ಕತ್ತರಿ ಎಷ್ಟು ನೇರವಾಗಿ ಓಡಬಲ್ಲದು ಎಂಬುದೇ ಅತ್ತೆಯ ಇಡೀ ವಿದ್ಯೆ. ಮುಂದೆ ಸ್ವಂತ ಅಂಗಡಿ ಇಟ್ಟಾಗಲೂ ಅದೇ ಪದ್ಧತಿ. ಕಥೆ ಓಡುವಾಗ ಕತ್ತರಿ ನಿಲ್ಲಬೇಕು, ಕಥೆ ನಿಂತಾಗ ಕತ್ತರಿ ಓಡಬೇಕು. ಮಕ್ಕಳನ್ನು ಕರೆತಂದ ತಾಯಂದಿರು ಬಾಗಿಲಲ್ಲೇ ನಿಂತು ಕೇಳುತ್ತಿದ್ದವರು ನಿಧಾನಕ್ಕೆ ತಾವೇ ಕುರ್ಚಿ ಹತ್ತಿದರು.

ದೊಡ್ಡವರಿಗೆ ರಾಜಕುಮಾರಿಯ ಕಥೆ ಸಾಲದು. ಅತ್ತೆ ಲೈಬ್ರರಿಯಿಂದ ಕಾದಂಬರಿ ತಂದು ಓದಿ, ಅದನ್ನು ತಲೆ ತಲೆಗೆ ಹಂಚತೊಡಗಿದರು. ಅದರಲ್ಲೂ ಅವರಿಗೆ ಬೇಕಾದದ್ದು ಸರಣಿ. ಒಂದನೇ ಭಾಗ, ಎರಡನೇ ಭಾಗ, ಮೂರನೇ ಭಾಗ ಎಂದು ಸಾಲಾಗಿ ನಿಂತ ದಪ್ಪ ದಪ್ಪ ಪುಸ್ತಕಗಳು. ಒಂದೇ ಪುಸ್ತಕದಲ್ಲಿ ಹುಟ್ಟಿ ಅಲ್ಲೇ ಮುಗಿಯುವ ಕಾದಂಬರಿಗಳನ್ನು ಅವರು 'ಒಂಟಿ ಪುಸ್ತಕ' ಎನ್ನುತ್ತಿದ್ದರು, ಪಾಪ ಯಾರೂ ದಿಕ್ಕಿಲ್ಲ ಎನ್ನುವ ದನಿಯಲ್ಲಿ.

ಸೊಸೆ ಓದುತ್ತಿದ್ದದ್ದು ಒಂಟಿ ಪುಸ್ತಕಗಳನ್ನು ಮಾತ್ರ. ಅದೂ ತೆಳ್ಳಗಿರಬೇಕು, ಕೊನೇ ಪುಟ ಮೊದಲು ನೋಡಿ ಎಲ್ಲರೂ ಬದುಕಿದ್ದಾರೆಂದು ಖಾತ್ರಿ ಮಾಡಿಕೊಳ್ಳಬೇಕು. ತನಗೆ ತುಂಬ ಇಷ್ಟವಾದ ಒಂದನ್ನು ಒಮ್ಮೆ ಅತ್ತೆಗೆ ಕೊಟ್ಟಿದ್ದಳು. ಮರುದಿನ ಅವಳು ಕುರ್ಚಿಯಲ್ಲಿ ಕೂತಾಗಲೇ ಅತ್ತೆ ಅದನ್ನು ವಾಪಸು ಕೊಟ್ಟರು.

"ಚೆನ್ನಾಗಿದೆ ಕಣೇ. ಆದ್ರೆ ನನ್ನ ಕೆಲಸಕ್ಕಾಗಲ್ಲ. ಬ್ಯಾಂಕಿನ ಮೇಡಂಗೆ ಹಿಂದುಗಡೆ ಸಮ ಮಾಡೋದ್ರೊಳಗೆ ಎಲ್ಲರಿಗೂ ಮದುವೆ ಆಗಿಹೋಗಿತ್ತು. ಮುಂದುಗಡೆ ಕತ್ತರಿಸುವಾಗ ನಾನೇನು ಹೇಳ್ಲಿ, ಬೀಗರೂಟದ ವಿಷಯಾನಾ?"

"ಮುಗೀತಲ್ಲ ಅತ್ತೆ, ಅದೇ ನೆಮ್ಮದಿ. ಪುಸ್ತಕ ಮುಚ್ಚಿ ಕದ ಹಾಕ್ಕೊಂಡು ಬರಬಹುದು. ನಿಮ್ಮ ಸರಣಿ ಶುರು ಮಾಡಿದ್ರೆ, ನಾಲ್ಕನೇ ಭಾಗದ ಹೊತ್ತಿಗೆ ನನಗೇನಾದ್ರೂ ಆಗಿಬಿಟ್ರೆ?"

"ನಿನಗೇನಾಗತ್ತೆ?"

"ಏನು ಬೇಕಾದ್ರೂ ಆಗಬಹುದು."

"ಆದ್ರೂ ಮುಂದಿನ ಭಾಗ ಕೇಳೋಕ್ಕಾದ್ರೂ ಎದ್ದು ಬರ್ತೀಯ," ಎಂದು ಅತ್ತೆ ಅವಳ ತಲೆಯನ್ನು ಒಂದು ಬೆರಳಿನಿಂದ ಮುಂದಕ್ಕೆ ಬಗ್ಗಿಸಿದರು. "ಒಂಟಿ ಪುಸ್ತಕ ಅಂದ್ರೆ ನೆಂಟರು ಬಂದಂಗೆ. ಬಂದ್ರು, ನಕ್ಕರು, ಹೋದ್ರು. ಸರಣಿ ಅಂದ್ರೆ ಮನೇವ್ರು. ಬೇಡ ಅಂದ್ರೂ ಇರ್ತಾರೆ. ಮೊದಲನೇ ಭಾಗದಲ್ಲಿ ಮುನಿಸ್ಕೊಂಡು ಹೋದೋಳು ಯಾವತ್ತೋ ಒಂದಿನ ಬಾಗಿಲು ತಟ್ತಾಳೆ. ಸುಮ್ನೆ ಕೂರು, ಗಾಬರಿ."

ಗಾಬರಿ ಎಂಬುದು ಅತ್ತೆಯೇ ಅವಳಿಗೆ ಇಟ್ಟ ಹೆಸರು. ಮದುವೆಯಾಗಿ ಬಂದ ಹೊಸತರಲ್ಲಿ, ಕತ್ತರಿ ಕಿವಿಯ ಹತ್ತಿರ ಬಂದಾಗಲೆಲ್ಲ ಅವಳು ಕಿವಿಗಳನ್ನು ಕೈಯಲ್ಲಿ ಮಡಚಿ ಹಿಡಿದುಕೊಳ್ಳುತ್ತಿದ್ದಳು.

ಹೀಗೆ ಬೇಡ ಬೇಡವೆನ್ನುತ್ತಲೇ ಅವಳು ದೋಣಿ ಮನೆತನದ ಸರಣಿಗೆ ಸಿಕ್ಕಿಬಿದ್ದಳು. ನದಿ ದಾಟಿಸುವ ದೋಣಿಯವನಿಗೆ ಇಬ್ಬರು ಹೆಣ್ಣುಮಕ್ಕಳು. ಅಪ್ಪ ಇಬ್ಬರಿಗೂ ಕೆಂಪು ಚಪ್ಪಲಿ ತಂದುಕೊಟ್ಟು, ಸಾಯುವವರೆಗೂ ಕೆಂಪನ್ನೇ ಹಾಕುವುದೆಂದು ಅಕ್ಕತಂಗಿಯರು ಮಾತು ಕೊಟ್ಟುಕೊಳ್ಳುವಲ್ಲಿಂದ ಮೊದಲನೇ ಭಾಗ ಶುರು. ಅಕ್ಕ ಜಗಳವಾಡಿ ಮನೆ ಬಿಡುವಲ್ಲಿಗೆ ಅದು ಮುಗಿಯಿತು, ಸೊಸೆಯ ಜಡೆಯೂ ಮುಗಿಯಿತು. ಎರಡನೇ ಭಾಗದಲ್ಲಿ ಕೂದಲು ಭುಜಕ್ಕೆ ಬಂತು. ಮೂರರಲ್ಲಿ ತಂಗಿಗೆ ಮದುವೆಯಾಗಿ ಮಗುವಾಗುವ ಹೊತ್ತಿಗೆ ಕತ್ತು ಕಂಡಿತು. ನಾಲ್ಕರ ಕೊನೆಯಲ್ಲಿ ತಂಗಿ ಮಗುವಿನ ಕೈ ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತಾಗ ಸೊಸೆಯ ಕೂದಲು ಕಿವಿಯ ಮೇಲಿತ್ತು. ಜನ ನುಗ್ಗಿತು. ಯಾರದೋ ಪೆಟ್ಟಿಗೆ ತಾಗಿತು. ತಾಯಿ ತಿರುಗಿ ನೋಡಿದರೆ ಮಗು ಇಲ್ಲ. ಗಾಡಿ ಹೊರಟಿತು. ಸೊಸೆ ಉಸಿರು ಹಿಡಿದಳು. ಕತ್ತರಿ ಸರಸರ ಓಡಿತು.

"ಆಯ್ತು, ಏಳು," ಎಂದು ಅತ್ತೆ ಬಟ್ಟೆ ಕೊಡವಿದರು.

"ಮಗು?"

"ಮುಂದಿನ ಸಲ."

ಮುಂದಿನ ಸಲಕ್ಕೆ ಕೂದಲು ಬೇಕಲ್ಲ. ಅವಳೊಬ್ಬಳದೇ ಈ ಪಾಡಲ್ಲ. ಬಡಾವಣೆಯಲ್ಲಿ ಹೆಂಗಸರ ತಲೆ ನೋಡಿ ಯಾರು ಎಷ್ಟನೇ ಭಾಗದಲ್ಲಿದ್ದಾರೆಂದು ಹೇಳಬಹುದಿತ್ತು. ಬ್ಯಾಂಕಿನ ಮೇಡಂ ಅಂತೂ ಈಗಷ್ಟೇ ಸೈನ್ಯಕ್ಕೆ ಸೇರಿದವರ ಹಾಗಿದ್ದರು.

ಸೊಸೆ ಒಂದು ವಾರ ತಡೆದು, ಪುಟ್ಟಿಯನ್ನು ಎತ್ತಿಕೊಂಡು ಹೋದಳು. "ಇವಳಿಗೆ ಸ್ವಲ್ಪ ಮುಂದುಗಡೆ ಅತ್ತೆ, ಕಣ್ಣಿಗೆ ಬೀಳ್ತಿದೆ."

ಅತ್ತೆ ಪುಟ್ಟಿಯ ಹಣೆ ನೋಡಿದರು. ಕಣ್ಣಿಗೆ ಬೀಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೂ ಕುರ್ಚಿಗೆ ಹಲಗೆ ಹಾಕಿ ಕೂರಿಸಿದರು. ಕಥೆ ಮಾತ್ರ ಮುಂದಕ್ಕೆ ಹೋಗಲಿಲ್ಲ. "ಹಿಂದಿನದೆಲ್ಲ ಜ್ಞಾಪಕ ಇದ್ಯಾ ನಿನಗೆ? ಮೊದಲನೇ ಭಾಗದಿಂದ ಹೇಳ್ತೀನಿ, ಇರು," ಎಂದು ಮತ್ತೆ ನದಿಯನ್ನೇ ದಾಟಿಸಿದರು. ಪುಟ್ಟಿ ಕೆಳಗಿಳಿದವಳೇ ನೇರ ಹೋಗಿ ಬೆಂಚಿನ ಮೇಲೆ ಕಾಯುತ್ತಿದ್ದ ಬ್ಯಾಂಕಿನ ಮೇಡಂ ಕಾಲನ್ನು ಅಪ್ಪಿಕೊಂಡು "ಅಮ್ಮ" ಎಂದಳು. ಮೇಡಂ ಕಾಲಲ್ಲೂ ಸೊಸೆಯದರಂಥದೇ ಹಸಿರು ಚಪ್ಪಲಿ. ಎಲ್ಲರೂ ನಕ್ಕರು. ಸೊಸೆಗೆ ಮಾತ್ರ ಮಗಳು ತನ್ನ ಮುಖ ಮರೆತಳೇ, ಕೂದಲು ಗಿಡ್ಡವಾದದ್ದಕ್ಕೆ ಹೀಗಾಯಿತೇ ಎಂಬ ಹೊಸ ಚಿಂತೆ ಹತ್ತಿತು.

ಮನೆಯಲ್ಲಿ ಗಂಡ ಮಗಳ ಹಣೆಯನ್ನು ಬೆಳಕಿಗೆ ಹಿಡಿದು ನೋಡಿದ. "ಇನ್ನು ಉಳಿದಿರೋದು ಹುಬ್ಬು ಕಣೇ. ಅದಾದ್ರೂ ಇರ್ಲಿ."

"ನೀವೇ ಒಂದ್ಸಲ ಹೋಗಿ ಕೇಳ್ಕೊಂಡು ಬನ್ನಿ. ನಿಮ್ಮತ್ತೆ ತಾನೆ?"

ಗಂಡ ತನ್ನ ನುಣ್ಣನೆ ನೆತ್ತಿ ಸವರಿಕೊಂಡ. "ನಂಗ್ಯಾರು ಕಥೆ ಹೇಳ್ತಾರೆ. ನಾನು ಒಂಟಿ ಪುಸ್ತಕ, ಯಾವತ್ತೋ ಮುಗಿದುಹೋಗಿದೆ."

ಆಮೇಲೆ ಅಂಗಡಿಯ ಬಾಗಿಲಿಗೆ ರಟ್ಟಿನ ಫಲಕ ಬಿತ್ತು: 'ಕೈ ನೋವು. ಕೆಲಸ ಇಲ್ಲ.' ಗಂಡ ನೋಡಿಕೊಂಡು ಬರಲು ಅತ್ತೆಯ ಮನೆಗೆ ಹೋದ. ಬಂದು ಹೇಳಿದ್ದು ಕೇಳಿ ಸೊಸೆಗೆ ಇದ್ದ ಚಿಂತೆಯ ಜೊತೆಗೆ ಇನ್ನೊಂದು ಸೇರಿತು.

"ಕೈಗೇನೂ ಆಗಿಲ್ಲ. ನನ್ನಿಂದ ಆಗದ ಬಿಸ್ಕತ್ ಡಬ್ಬಿ ಮುಚ್ಚಳ ಅವರೇ ತೆಗೆದ್ರು. ಆದ್ರೆ ಮಂಕಾಗಿದ್ದಾರೆ. ಕೋಣೆನ ಜೆರಾಕ್ಸ್ ಅಂಗಡಿಯವನಿಗೆ ಬಿಟ್ಕೊಡ್ತೀನಿ ಅಂತಿದ್ದಾರೆ. ಇಷ್ಟು ವರ್ಷ ನಿಂತಿದ್ದು ಸಾಕಂತೆ."

"ನಿಂತಿದ್ದು ಸಾಕು ಅಂದ್ರಾ? ಅವರು ಕೂತಿದ್ದನ್ನ ಯಾರಾದ್ರೂ ನೋಡಿದ್ದುಂಟಾ?"

"ಅದೇ. ಇವತ್ತು ಕೂತಿದ್ರು. ನನಗೇ ಒಂಥರಾ ಆಯ್ತು."

ಮೂಲೆ ರಸ್ತೆಯಲ್ಲಿ ಹೊಸ ಪಾರ್ಲರ್ ಬಂದಿತ್ತು. ಗಾಜಿನ ಬಾಗಿಲು, ಗೋಡೆಯಲ್ಲಿ ಟಿವಿ, ಹೇಳಿದ ಮಾತು ಕೇಳುವ ಕುರ್ಚಿಗಳು. ಬ್ಯಾಂಕಿನ ಮೇಡಂ ಅದರ ಮುಂದೆ ನಿಂತು ದರಪಟ್ಟಿ ಓದುತ್ತಿದ್ದದ್ದನ್ನು ಸೊಸೆ ಕಣ್ಣಾರೆ ಕಂಡಳು. ಮೇಡಂ ಕಳ್ಳರ ಹಾಗೆ ಮುಖ ತಿರುಗಿಸಿದರು.

ಇನ್ನು ತಡೆಯಲಾರೆನೆಂದು ಅವಳು ಪುಟ್ಟಿಯ ಕೈ ಹಿಡಿದು ಲೈಬ್ರರಿಗೆ ಹೋದಳು. ಐದನೇ ಭಾಗ ತೆಗೆದುಕೊಂಡು, ಕೊನೇ ಪುಟ ನೋಡಿ, ಮಗು ಬದುಕಿದೆಯೆಂದು ತಿಳಿದು, ಪುಸ್ತಕವನ್ನು ಅಲ್ಲೇ ಇಟ್ಟು ಬರುವುದು ಅವಳ ಉದ್ದೇಶ.

ಲೈಬ್ರರಿಯವರು ಪುಸ್ತಕಗಳ ಹರಿದ ಬೆನ್ನುಗಳಿಗೆ ಅಂಟು ಹಚ್ಚುತ್ತಾ ಕೂತಿದ್ದರು. ಅವಳು ಕೇಳಿದ್ದಕ್ಕೆ ಮುಖ ನೋಡಲಿಲ್ಲ, ಕಿವಿಯ ಮೇಲಿನ ಕೂದಲು ನೋಡಿದರು.

"ಕತ್ತರಿ ಅಂಗಡಿಯಿಂದ ಬಂದ್ರಾ?"

"ಹೇಗೆ ಗೊತ್ತಾಯ್ತು?"

"ಐದನೇ ಭಾಗ ಕೇಳ್ಕೊಂಡು ಬರೋರೆಲ್ಲ ಹೀಗೇ ಇರ್ತಾರೆ. ಐದನೇದು ಇಲ್ಲಮ್ಮ."

"ಯಾರಾದ್ರೂ ತಗೊಂಡು ಹೋಗಿದ್ದಾರಾ?"

"ಬರೆದೇ ಇಲ್ಲ. ಬರೆಯೋ ಯಮ್ಮ ಬರೆಯೋದೇ ಬಿಟ್ಟು ಬಣ್ಣದ ಮೀನು ಸಾಕ್ತಿದ್ದಾರಂತೆ. ಪ್ರಕಾಶಕರೇ ಕಾಗದ ಹಾಕಿದ್ರು, ಇನ್ನು ಬರಲ್ಲ ಅಂತ."

ಸೊಸೆ ಮೇಜಿನ ಅಂಚು ಹಿಡಿದುಕೊಂಡಳು. ಮಗು ಪ್ಲಾಟ್‌ಫಾರಂ ಮೇಲೆ, ಬರೆದವರು ಮೀನಿನ ತೊಟ್ಟಿಯ ಮುಂದೆ. ಹೀಗೂ ಒಬ್ಬರಿಗೆ ಊಟ ಸೇರುತ್ತದೆಯೇ ಎಂದು ಅವಳಿಗೆ ಆಶ್ಚರ್ಯವಾಯಿತು.

"ನಿಮ್ಮ ಕತ್ತರಿಯವರೂ ಬಂದಿದ್ರು," ಲೈಬ್ರರಿಯವರು ದನಿ ಇಳಿಸಿದರು. "ಹೇಳಿದ್ ಮೇಲೆ ಆ ಬೆಂಚಲ್ಲಿ ಬಹಳ ಹೊತ್ತು ಕೂತಿದ್ರು. ನೀರು ಕೊಟ್ಟೆ. 'ಇಷ್ಟು ತಲೆನ ಅರ್ಧಕ್ಕೇ ಬಿಟ್ಟಂಗಾಯ್ತಲ್ಲ' ಅಂದ್ರು. ಯಾರಿಗೂ ಹೇಳ್ಬೇಡಿ ಅಂತಾನೂ ಅಂದ್ರು. ಅದಕ್ಕೇ ನಾನು ಯಾರಿಗೂ ಹೇಳಿಲ್ಲ, ಕೇಳಿದವರಿಗೆ ಮಾತ್ರ."

ಸೊಸೆ ನಾಲ್ಕನೇ ಭಾಗವನ್ನಾದರೂ ನೋಡೋಣವೆಂದು ಅದೇ ಬೆಂಚಿನ ಮೇಲೆ ಕೂತು ಕೊನೆಯ ಅಧ್ಯಾಯ ತೆರೆದಳು. ಪುಟ್ಟಿ ಕೆಳಗಿನ ಕಪಾಟಿನ ಪುಸ್ತಕಗಳನ್ನು ತಲೆಕೆಳಗು ಮಾಡತೊಡಗಿದಳು. ಓದುತ್ತಾ ಓದುತ್ತಾ ಸೊಸೆ ಥಟ್ಟನೆ ನಿಲ್ಲಿಸಿದಳು. ಪುಸ್ತಕದಲ್ಲಿ ಜನ ನುಗ್ಗಿರಲಿಲ್ಲ, ಪೆಟ್ಟಿಗೆ ತಾಗಿರಲಿಲ್ಲ. ತಾಯಿ ಅಂಗಡಿಯ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾ ಮೈಮರೆತಿದ್ದಳು. ಮರೆಗುಳಿ, ಬೇಜವಾಬ್ದಾರಿ ಹೆಂಗಸು ಎಂದು ಒಂದಿಡೀ ಪುಟ ಅವಳನ್ನು ಬೈದಿತ್ತು. ಆ ಪುಟವನ್ನು ಅತ್ತೆ ಹೇಳಿರಲೇ ಇಲ್ಲ. 'ಎಂಥಾ ತಾಯಿ ಕೈಯಿಂದಲೂ ಒಂದ್ಸಲ ಜಾರತ್ತೆ ಕಣೇ' ಎಂದಷ್ಟೇ ಹೇಳಿ, ಕಿವಿ ಹಿಡಿದುಕೊಂಡಿದ್ದ ಅವಳ ಕೈಯನ್ನು ಮೆಲ್ಲಗೆ ಬಿಡಿಸಿದ್ದರು.

ಅತ್ತೆಗೆ ಫೋನ್ ಮಾಡಬೇಕು. ಆದರೆ ಏನೆಂದು? 'ನಿಮ್ಮ ಗುಟ್ಟು ಗೊತ್ತಾಯಿತು' ಎಂದರೆ ಆ ಜೀವ ಇನ್ನಷ್ಟು ಕುಗ್ಗುತ್ತದೆ. 'ಕೈ ಹೇಗಿದೆ' ಎಂದರೆ ಸುಳ್ಳಿಗೆ ಸುಳ್ಳು ಸೇರಿಸಿದಂತೆ. 'ಏನಾದರೂ ಕಟ್ಟಿ ಹೇಳಿ ಅತ್ತೆ' ಎನ್ನಬಹುದು. ಆದರೆ ಅತ್ತೆ ಕಟ್ಟುವವರಲ್ಲ, ಕತ್ತರಿಸುವವರು. ಮಗು ಎಲ್ಲಿಗೆ ಹೋಯಿತೆಂದು ಅವರಿಗೆ ಗೊತ್ತಿದ್ದರೆ ತಾನೇ?

ಹೀಗೆ ಯೋಚಿಸುತ್ತಾ ಅವಳು ಮನೆಯ ದಾರಿ ಹಿಡಿದಳು. ಮೆಟ್ಟಿಲ ಕೆಳಗಿನ ಅಂಗಡಿಯ ಮುಂದೆ ಬಂದಾಗ ಪುಟ್ಟಿಯ ಕೈ ಬಿಟ್ಟು ಫೋನ್ ತೆಗೆದಳು, ಮತ್ತೆ ಚೀಲಕ್ಕೆ ಹಾಕಿದಳು. ರಟ್ಟಿನ ಫಲಕ ಗಾಳಿಗೆ ತಿರುಗಿಕೊಂಡಿತ್ತು. ಅದನ್ನು ನೆಟ್ಟಗೆ ಮಾಡಿದಳು. ಆ ಬಡಪಾಯಿ ಮಗು ಯಾವ ಕಡೆ ಹೋಗಿರಬಹುದು ಎಂದು ನಿಟ್ಟುಸಿರುಬಿಟ್ಟು ತಿರುಗಿ ನೋಡಿದರೆ, ಪುಟ್ಟಿ ಇಲ್ಲ.

ಜನ ನುಗ್ಗಿರಲಿಲ್ಲ, ಯಾವ ಪೆಟ್ಟಿಗೆಯೂ ತಾಗಿರಲಿಲ್ಲ. ಟೈರ್ ಅಂಗಡಿಯ ಕಡೆ ಓಡಿದಳು, ವಾಪಸು ಬಂದಳು, ಔಷಧಿ ಅಂಗಡಿಯವರ ಕೌಂಟರ್ ಕೆಳಗೆ ಬಗ್ಗಿ ನೋಡಿದಳು. "ಏನ್ ಬೇಕಿತ್ತಮ್ಮಾ?" ಎಂದು ಅವರು ಕೇಳಿದ್ದಕ್ಕೆ "ಐದನೇ ಭಾಗ" ಎಂದುಬಿಟ್ಟಳು. ಅಷ್ಟರಲ್ಲಿ ಮುಂದೆ ಕಣ್ಣು ಹೋಯಿತು. ಫುಟ್‌ಪಾತಿನ ಮೇಲೆ ಕೈಯಲ್ಲಿ ಬ್ರೆಡ್ ಹಿಡಿದ ಅಪರಿಚಿತ ಹೆಂಗಸೊಬ್ಬರು ನಿಧಾನವಾಗಿ ಹೋಗುತ್ತಿದ್ದರು. ಅವರ ಹಿಂದೆಯೇ, ಬಾಲದ ಹಾಗೆ, ತಲೆ ತಗ್ಗಿಸಿಕೊಂಡು, ಅತ್ಯಂತ ನಂಬಿಕೆಯಿಂದ ಪುಟ್ಟಿ ನಡೆಯುತ್ತಿದ್ದಳು. ಆ ಹೆಂಗಸು ನಿಂತರೆ ನಿಲ್ಲುತ್ತಿದ್ದಳು, ಹೊರಟರೆ ಹೊರಡುತ್ತಿದ್ದಳು.

ಅವರ ಕಾಲಲ್ಲಿ ಹಸಿರು ಚಪ್ಪಲಿ.

ಸೊಸೆ ಓಡಿಹೋಗಿ ಮಗಳನ್ನು ಬಾಚಿ ಎತ್ತಿಕೊಂಡಳು. ಪುಟ್ಟಿ ಅವಳ ಮುಖ ನೋಡಿದಳು, ಬಗ್ಗಿ ಅವಳ ಚಪ್ಪಲಿ ನೋಡಿದಳು, ಇನ್ನೊಬ್ಬರ ಚಪ್ಪಲಿ ನೋಡಿದಳು, ಇಬ್ಬರು ಅಮ್ಮಂದಿರಿದ್ದರೆ ತನಗೇನೂ ಅಭ್ಯಂತರವಿಲ್ಲ ಎನ್ನುವಂತೆ ನಕ್ಕಳು.

"ನನ್ನ ಹಿಂದೆ ಬರ್ತಿತ್ತಾ?" ಎಂದು ಬ್ರೆಡ್ಡಿನ ಹೆಂಗಸು ಬೆರಗಾದರು. "ಗೊತ್ತೇ ಆಗಿಲ್ಲ ನೋಡಿ. ಹೀಗೇ ಮನೆ ತನಕ ಬಂದುಬಿಡ್ತಿತ್ತು."

"ಬಂದುಬಿಡ್ತಿದ್ಲು," ಎಂದಳು ಸೊಸೆ. ಆಗ ಏನೋ ಹೊಳೆದು, ಬಾಯಿ ತೆರೆದವಳು ಹಾಗೇ ನಿಂತಳು. ಅಷ್ಟು ದಿನ ಹಲ್ಲಿನ ಸಂದಿಯಲ್ಲಿದ್ದ ನಾರು ಈಚೆಗೆ ಬಂದಿತ್ತು. ಅವಳು ಹೆಂಗಸಿಗೆ ಕೈಮುಗಿದು, ಪುಟ್ಟಿಯನ್ನು ಸೊಂಟದ ಮೇಲೆ ಭದ್ರವಾಗಿ ಕೂರಿಸಿಕೊಂಡು, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ಅತ್ತೆಗೆ ಫೋನ್ ಮಾಡಿದಳು.

"ಏನೇ ಗಾಬರಿ," ಅತ್ತೆಯ ದನಿ ನಿಜಕ್ಕೂ ಮಂಕಾಗಿತ್ತು. "ಕೈ ನೋವು ಕಣೇ. ಈಗ ಕಥೆ ಗಿಥೆ ಕೇಳ್ಬೇಡ."

"ಕೇಳೋಕಲ್ಲ ಅತ್ತೆ. ಹೇಳೋಕೆ."

"ಏನು?"

"ಚಿಕ್ಕ ಮಕ್ಕಳು ಮುಖ ನೋಡ್ಕೊಂಡು ನಡೆಯಲ್ಲ. ಅವುಕ್ಕೆ ಅಷ್ಟು ಮೇಲೆ ಕಾಣೋದೇ ಇಲ್ಲ. ಚಪ್ಪಲಿ ನೋಡ್ಕೊಂಡು ನಡೀತಾವೆ. ಅಮ್ಮನ ಥರದ ಚಪ್ಪಲಿ ಕಂಡ್ರೆ ಯಾರ ಹಿಂದೆ ಬೇಕಾದ್ರೂ ಹೋಗ್ತಾವೆ. ರೈಲು ಹತ್ತೋದಾದ್ರೆ ರೈಲೂ ಹತ್ತುತಾವೆ."

ಸೊಸೆ ಪುಟ್ಟಿಯ ಕಾಲನ್ನು ಕೈಯಲ್ಲಿ ಹಿಡಿದುಕೊಂಡಳು.

"ಆ ತಾಯಿ ಕಾಲಲ್ಲಿ ಏನಿತ್ತು ಅತ್ತೆ?"

"ಕೆಂಪು," ಎಂದರು ಅತ್ತೆ. ಅವರು ಎದ್ದು ನಿಂತಂತೆ ಕುರ್ಚಿಯ ಸದ್ದಾಯಿತು. "ಬೇರೆ ಬಣ್ಣ ಹಾಕೋಳೇ ಅಲ್ಲ ಅವಳು. ಅಕ್ಕತಂಗಿ ಇಬ್ಬರೂ ಮಾತು ಕೊಟ್ಟಿದ್ರಲ್ಲ, ಮೊದಲನೇ ಭಾಗದಲ್ಲಿ, ಸಾಯೋ ತನಕ..." ಅತ್ತೆ ಯಾರೋ ಕೇಳಿಸಿಕೊಂಡಾರು ಎನ್ನುವಂತೆ ಪಿಸುಗುಟ್ಟಿದರು. "ಗಾಬರಿ. ಆ ಪ್ಲಾಟ್‌ಫಾರಂನಲ್ಲಿ ಇನ್ನೊಂದು ಜೊತೆ ಕೆಂಪು ಚಪ್ಪಲಿ ಇತ್ತು ಅಂತೀಯಾ? ಅವಳು ಬಂದಿದ್ಲಾ?"

"ಯಾರು ಅತ್ತೆ?"

"ಯಾರಂದ್ರೆ? ಅಕ್ಕ. ಮುನಿಸ್ಕೊಂಡು ಹೋದೋಳು. ಮಗು ಅವಳ ಹಿಂದೆ ಗಾಡಿ ಹತ್ತಿತಾ? ತಂಗಿ ಮಗು ಅಂತ ಅವಳಿಗೆ ಗೊತ್ತಾಯ್ತಾ? ಹೇಳೇ. ಆಮೇಲೆ?"

ಫೋನಿನಲ್ಲಿ ಅತ್ತೆಯ ಉಸಿರು ಕೇಳುತ್ತಿರಲಿಲ್ಲ. ಹಿಡಿದುಕೊಂಡಿದ್ದಾರೆಂದು ಸೊಸೆಗೆ ಗೊತ್ತಾಯಿತು. ಮುಚ್ಚಿದ ಬಾಗಿಲಿಗೆ ಒರಗಿ, ರಟ್ಟಿನ ಫಲಕವನ್ನು ದಾರದಿಂದ ಬಿಡಿಸಿ ಪುಟ್ಟಿಯ ಕೈಗೆ ಕೊಟ್ಟಳು. ಪುಟ್ಟಿ ಅದರ ಮೂಲೆಯನ್ನು ಬಾಯಿಗಿಟ್ಟುಕೊಂಡು ಸಮಾಧಾನವಾಗಿ ಅಗಿಯತೊಡಗಿದಳು.

"ಆಮೇಲಿಂದು ಅಂಗಡಿ ತೆಗೆದ ಮೇಲೆ ಅತ್ತೆ," ಎಂದಳು ಸೊಸೆ. "ಬೀಗದ ಕೈ ತಗೊಂಡು ಬನ್ನಿ. ನಾನು ಮೆಟ್ಟಿಲ ಮೇಲೇ ಕೂತಿದ್ದೀನಿ."